ಶೇರುದಾರರ ತಲೆ ಎಣಿಕೆ

ಶೇರು ಕೊಳ್ಳುವ ಮೊದಲು ಕಂಪನಿಯ ಲಾಭ, ಸಾಲ ನೋಡಬೇಕೆಂಬ ಹಳೆಯ ಪದ್ಧತಿಯನ್ನು ಬೆಳಗಾವಿಯ ಖಡೇಬಜಾರದ ಚಹಾದಂಗಡಿಗಳು ಎಂದೋ ಕೈಬಿಟ್ಟಿವೆ. ಎಷ್ಟು ಮಂದಿ ಕೊಂಡಿದ್ದಾರೆ ಎಂಬುದೊಂದೇ ಅಲ್ಲಿನ ಲೆಕ್ಕ. "ಇಡೀ ಗಲ್ಲಿ ಮಂದಿ ತಗೊಂಡಾರ್ರಿ, ಇನ್ನ ಬೀಳೂದು ಹ್ಯಾಂಗ?" ಎನ್ನುವವರ ಎದುರು, ಅಷ್ಟೂ ಮಂದಿಗೆ ಮಾರಿದವರು ಯಾರೆಂದು ಕೇಳುವುದು ಅಪಶಕುನ ನುಡಿದಂತೆ. ದೊಡ್ಡ ಕುಳವೊಂದು ತನ್ನ ಲಕ್ಷ ಶೇರುಗಳನ್ನು ಸಾವಿರ ಜನರ ತಲೆಗೆ ಕಟ್ಟಿ ಎದ್ದು ಹೋದರೆ ಶೇರುದಾರರ ಸಂಖ್ಯೆ ಏರುತ್ತದೆ. ನಮ್ಮವರು ಅದನ್ನು ಜನಪ್ರಿಯತೆಯೆಂದು ತಿಳಿದು ಕುಂದಾ ಹಂಚುತ್ತಾರೆ.

2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಶೇರಿಗೆ ಸುಮಾರು 73 ಪಟ್ಟು ಬೇಡಿಕೆ ಬಂದಿತ್ತು. ಬಿಡಿ ಹೂಡಿಕೆದಾರರಿಗೆ, ಅಂದರೆ ನಮ್ಮಂಥ ಸಣ್ಣವರಿಗೆ, 430 ರೂಪಾಯಿಗೆ ದಯಪಾಲಿಸಿದ ಆ ಶೇರು, ಪೇಟೆಗೆ ಬಂದ ಮೊದಲ ದಿನವೇ 372ರ ಆಸುಪಾಸಿಗೆ ಇಳಿದು ನಿಂತಿತು.

ಚೆನ್, ಹಾಂಗ್ ಮತ್ತು ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ, ಅಮೆರಿಕದಲ್ಲಿ ಒಂದು ಶೇರನ್ನು ಇಟ್ಟುಕೊಂಡ, ಹಲವರ ಹಣ ಒಟ್ಟುಗೂಡಿಸಿ ಹೂಡುವ ಮ್ಯೂಚುವಲ್ ಫಂಡ್‌ಗಳ ಸಂಖ್ಯೆ ಇಳಿದಾಗ ಅದರ ಮುಂದಿನ ಗಳಿಕೆಯೂ ಕುಗ್ಗುತ್ತದೆಂದು ತೋರಿಸಿದರು. ಗಲ್ಲಿಯ ಪಂಡಿತರಿಗೆ ಇಷ್ಟೇ ಸಾಕು: ಮಂದಿ ಹೆಚ್ಚಿದರೆ ಲಾಭ! ಎಣಿಸಿದ್ದು ಫಂಡ್‌ಗಳನ್ನು, ನಮ್ಮನ್ನಲ್ಲ ಎಂಬ ಸಣ್ಣ ವಿಷಯವನ್ನು ಅವರು ಚಹಾದೊಂದಿಗೆ ನುಂಗಿಬಿಡುತ್ತಾರೆ. ಚೋಯ್, ಜಿನ್ ಮತ್ತು ಯಾನ್ ಅವರು ಶಾಂಘೈ ಪೇಟೆಯಲ್ಲಿ ಬಿಡಿ ಹೂಡಿಕೆದಾರರನ್ನೂ ಸೇರಿಸಿ ತಲೆ ಎಣಿಸಿದಾಗ, ಮಂದಿ ಹೆಚ್ಚು ಮುಗಿಬಿದ್ದ ಶೇರುಗಳೇ ಆಮೇಲೆ ಹಿಂದೆ ಬಿದ್ದಿದ್ದವು. 2013ರಲ್ಲಿ ಪ್ರಕಟವಾದ ಆ ಅಧ್ಯಯನ ಖಡೇಬಜಾರಕ್ಕೆ ಇನ್ನೂ ತಲುಪಿಲ್ಲ.

ತಲುಪಿದ್ದು ಬೇರೆ ಸುದ್ದಿ: 2025ರ ಆಗಸ್ಟ್‌ನಲ್ಲಿ ದೇಶದಲ್ಲಿ ಶೇರುಗಳನ್ನು ಕಾಗದವಿಲ್ಲದೆ ಇಡುವ ಡಿಮ್ಯಾಟ್ ಖಾತೆಗಳು 20 ಕೋಟಿ ದಾಟಿದವು. ಖಾತೆ ಅಷ್ಟಿದ್ದರೆ ಹೂಡಿಕೆದಾರರೂ ಅಷ್ಟೇ ಎಂದು ತಿಳಿದವರು ಬೆಳಗಾವಿಯ ಶಹಾಪುರದ ಯಾವುದಾದರೂ ಮನೆಯ ಪಡಸಾಲೆಗೆ ಹೋಗಿ ನೋಡಬೇಕು. ಕಂಪನಿ ಮೊದಲ ಸಲ ಜನರಿಗೆ ಶೇರು ಮಾರುವ ಐಪಿಒದಲ್ಲಿ ಬೇಡಿಕೆ ಹೆಚ್ಚಾದರೆ ಬಿಡಿಯವರಿಗೆ ಲಾಟರಿಯಂತೆ ಒಂದೊಂದೇ ಲಾಟ್ (ಶೇರುಗಳ ನಿಗದಿತ ಕಟ್ಟು) ಸಿಗುವುದರಿಂದ, ಮೊಮ್ಮಗ ತನ್ನದಲ್ಲದೆ ಅಪ್ಪ, ಅವ್ವ, ಆಯಿಯರ ಹೆಸರಿನಲ್ಲೂ ಖಾತೆ ತೆರೆದಿರುತ್ತಾನೆ. "ಆಯಿ, ಮೊಬೈಲ್‌ನ್ಯಾಗ ಬಂದ ನಂಬರ್ ಹೇಳ, ಲಗೂ" ಎಂದು ಅವನು ಅವಸರಪಡಿಸುತ್ತಾನೆ. ಅವರೆಕಾಯಿ ಸುಲಿಯುತ್ತಿದ್ದ ಆಯಿ ಕನ್ನಡಕ ಹುಡುಕುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ. ಎರಡನೆಯ ಸಲ ಅವರು ಹೂಡಿಕೆದಾರರಾಗುತ್ತಾರೆ.

ಮೂರು ತಿಂಗಳಿಗೊಮ್ಮೆ ಕಂಪನಿಗಳು ಪ್ರಕಟಿಸುವ ಶೇರುದಾರರ ಪಟ್ಟಿಯಲ್ಲಿ ಫಂಡ್‌ಗಳ ಸಾಲು ಸೊರಗಿದ್ದನ್ನು ಯಾರೂ ಓದುವುದಿಲ್ಲ. ಬಿಡಿ ಹೂಡಿಕೆದಾರರ ಸಾಲು ಉಬ್ಬಿದ ದಿನವಂತೂ ಗಲ್ಲಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಭಿನಂದನೆಗಳ ಸುರಿಮಳೆ; ಆ ಸಾಲಿನಲ್ಲಿ ಆಯಿಯೂ ಒಬ್ಬರು.