ಗವಿಯೊಳಗೆ ಟಾರ್ಚ್ ಮೇಲೆತ್ತಬೇಡಿ

ಗವಿಯ ಚಾವಣಿಗೆ ಟಾರ್ಚ್ ಬಿಟ್ಟು, ಕೂಗು ಹಾಕಿ, ಬಾವಲಿಗಳೆಲ್ಲ ಮುಖದ ಮೇಲೇ ಹಾರಿಬಂದಾಗ ಕಿರುಚಿ ನಗುವ ಮತ್ತೊಂದು ವಿಡಿಯೊ ಈಗಷ್ಟೇ ಕಣ್ಣಿಗೆ ಬಿತ್ತು. ನಮ್ಮ ಜಿಲ್ಲೆ ಎಷ್ಟು ಚೆಂದ ಎಂದು ಅದನ್ನೇ ಹಂಚಿಕೊಂಡವರೂ ಇದ್ದಾರೆ. ಮಾರಾಯ್ರೆ, ಹಾಡುಹಗಲಲ್ಲಿ ಬಾವಲಿ ಗುಂಪಾಗಿ ಎದ್ದಿತು ಎಂದರೆ ಅವು ಜೀವ ಕೈಯಲ್ಲಿ ಹಿಡಿದು ಓಡುತ್ತಿವೆ ಎಂದರ್ಥ. ಅದರಲ್ಲಿ ನಗುವಂಥದ್ದು ಏನಿದೆ?

ಸಂಜೆ ಚಿಕ್ಕು, ಪೇರಲೆ ಮರಕ್ಕೆ ಬರುವ ದೊಡ್ಡ ಬಾವಲಿಯ ಮಾತಲ್ಲ ಇದು. ಗವಿಯ ಸಂದಿನಲ್ಲಿ, ಪಾಳುಮನೆಯ ಕತ್ತಲೆ ಕೋಣೆಯಲ್ಲಿ ನೇತಾಡುವ, ಮೂಗಿನ ಮೇಲೆ ಎಲೆಯಂಥ ಚರ್ಮದ ಮಡಿಕೆಯಿರುವ ಎಲೆಮೂಗಿನ ಸಣ್ಣ ಬಾವಲಿಗಳ ಮಾತು. ಹಿಪ್ಪೊಸಿಡೆರಿಡೆ ಎಂಬ ಈ ಕುಟುಂಬ ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಬಿಸಿ ನಾಡುಗಳಲ್ಲಿ ಹಬ್ಬಿದೆ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾದ ಷ್ನೈಡರ್ ಎಲೆಮೂಗಿನ ಬಾವಲಿ ತೂಗುವುದು ಹತ್ತು ಗ್ರಾಮಿನ ಆಸುಪಾಸು. ಮೂಗಿನ ಎಲೆಯ ಎರಡೂ ಬದಿಗೆ ಮೂರು ಮೂರು ಸಣ್ಣ ಮಡಿಕೆಗಳಿದ್ದರೆ ಅದೇ ಎಂದು ಗುರುತು. ಹಣ್ಣಿಗೆ ಇವು ಬಾಯಿ ಹಾಕುವುದಿಲ್ಲ. ಹಾತೆ, ಜೀರುಂಡೆ, ನುಸಿ, ರೆಕ್ಕೆಯ ಗೆದ್ದಲು, ಇಂಥ ಹುಳಗಳೇ ಆಹಾರ.

ಇವು ಬಾಯಿ ಮುಚ್ಚಿಕೊಂಡೇ, ಮೂಗಿನಿಂದ ಕೂಗಿ, ಮರಳಿ ಬರುವ ಪ್ರತಿಧ್ವನಿಯಿಂದ ದಾರಿಯನ್ನೂ ಬೇಟೆಯನ್ನೂ ತಿಳಿಯುತ್ತವೆ. ಆ ಎಲೆಯಂಥ ಮಡಿಕೆ ಸದ್ದನ್ನು ಮುಂದಕ್ಕೆ ಕೂಡಿಸಿ ಕಳಿಸುತ್ತದೆ. ಷ್ನೈಡರ್ ಬಾವಲಿಯ ಕೂಗು 130 ಕಿಲೊಹರ್ಟ್ಸ್ ಆಸುಪಾಸಿನದು. ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ. ಅಷ್ಟು ಕೀರಲು ದನಿಯನ್ನು ಗಾಳಿ ಬೇಗ ನುಂಗಿಬಿಡುವುದರಿಂದ ಕೆಲವೇ ಮೀಟರ್ ಆಚೆಗಿನದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿಯೇ ಅಗಲ ರೆಕ್ಕೆಯಲ್ಲಿ ನಿಧಾನ ಹಾರುತ್ತ, ಮರಗಳ ನಡುವೆ ಸುತ್ತಿ ಸುತ್ತಿ ಹತ್ತಿರದ ಹುಳವನ್ನೇ ಹಿಡಿಯುತ್ತದೆ. ಹಾಗೆ ಕಷ್ಟಪಟ್ಟು ತಿಂದದ್ದನ್ನು ಹಗಲಿಡೀ ಅಲ್ಲಾಡದೆ ನೇತಾಡಿ ಉಳಿಸಿಕೊಳ್ಳಬೇಕು. ನೀವು ಟಾರ್ಚ್ ಬಿಟ್ಟು ಎಬ್ಬಿಸಿದಾಗ ಹೋಗುವುದು ಆ ಉಳಿತಾಯ. ಹೊರಗೆ ಬೆಳಕಿಗೆ ಬಿದ್ದರೆ ಹದ್ದು, ಗಿಡುಗ ಕಾದಿರುತ್ತವೆ.

ಮರಿಗಳ ಕಾಲದಲ್ಲಂತೂ ಇದು ಕೊಲೆಯೇ. ಹಲವು ಜಾತಿಗಳು ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಹೊತ್ತಿಗೆ ಹೆರುತ್ತವೆ, ಅದೂ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ತಾಯಿಯ ಹೊಟ್ಟೆಯ ಕೆಳಗೆ ಹಾಲಿಲ್ಲದ ಎರಡು ಸುಳ್ಳು ಮೊಲೆಗಳಿರುತ್ತವೆ. ಮರಿ ಅದನ್ನು ಬಾಯಲ್ಲಿ ಕಚ್ಚಿ ಜೋತುಬಿದ್ದಿರುತ್ತದೆ. ತಾಯಿ ಗಾಬರಿಬಿದ್ದು ಎದ್ದರೆ ಹಿಡಿತ ತಪ್ಪಿ ನೆಲಕ್ಕೆ. ಆಮೇಲೆ ಇರುವೆ, ಹೆಗ್ಗಣ. ಇಲಿಯಾದರೆ ಮುಂದಿನ ತಿಂಗಳು ಮತ್ತೆ ಹೆರುತ್ತದೆ. ಬಾವಲಿಗೆ ಮುಂದಿನ ವರ್ಷದವರೆಗೆ ಇನ್ನೊಂದಿಲ್ಲ. ನಾಲ್ಕು ಬೇಸಿಗೆ ಹೀಗೇ ಆದರೆ ಗವಿ ಖಾಲಿ.

ಕೂಡಲೇ ಒಬ್ಬರು ಬಾವಲಿಯಿಂದ ನಿಫಾ ಜ್ವರ ಬರುತ್ತದಲ್ಲ ಎನ್ನುತ್ತಾರೆ, ಗೊತ್ತು. 2018ರ ಕೋಯಿಕ್ಕೋಡಿನ ನಿಫಾಕ್ಕೆ ತಳುಕು ಹಾಕಿಕೊಂಡದ್ದು ಹಣ್ಣು ತಿನ್ನುವ ದೊಡ್ಡ ಬಾವಲಿ. ಹಾಗೆಂದು ಗವಿಯ ಬಾವಲಿಗಳಲ್ಲಿ ವೈರಾಣುವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಯಾವ ಬಾವಲಿಯನ್ನೂ ಬರಿಗೈಯಲ್ಲಿ ಮುಟ್ಟಬಾರದು. ಆದರೆ ರೋಗದ ಹೆದರಿಕೆ ಇದ್ದವರು ಗವಿಯಿಂದ ದೂರ ಇರಬೇಕಲ್ಲವೇ, ಒಳಗೆ ನುಗ್ಗಿ ಮುಖದ ಮೇಲೆ ಹಾರಿಸಿಕೊಳ್ಳುವುದು ಯಾವ ಲೆಕ್ಕ? ಬಾವಲಿಗಳನ್ನು ಕೊಲ್ಲುವುದೂ ಪರಿಹಾರವಲ್ಲ. ಉಗಾಂಡದ ಕಿಟಾಕಾ ಗಣಿಯಲ್ಲಿ ಮಾರ್ಬರ್ಗ್ ಎಂಬ ಮಾರಕ ವೈರಾಣು ರೋಗಕ್ಕೆ ಹೆದರಿ ಹಣ್ಣಿನ ಬಾವಲಿಗಳನ್ನು ನಿರ್ನಾಮ ಮಾಡಿದರು. ಮತ್ತೆ ಬಂದು ನೆಲೆಸಿದ ಬಾವಲಿಗಳಲ್ಲಿ ಸೋಂಕಿನ ಪ್ರಮಾಣ ಮೊದಲಿನ ಎರಡು ಪಟ್ಟಿಗೂ ಮೀರಿತ್ತು.

ಹೋಗಲೇಬೇಕಾದವರಿಗೆ ಇಷ್ಟು. ಬೇಸಿಗೆಯ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ಬಾವಲಿ ಇರುವ ಗವಿಗೆ ಬೇಡವೇ ಬೇಡ. ಉಳಿದ ಕಾಲದಲ್ಲಿ ಮೂರು ನಾಲ್ಕು ಜನ ಸಾಕು. ಟಾರ್ಚ್ ಮಂದವಾಗಿರಲಿ, ಗಾಜಿಗೆ ಕೆಂಪು ಹಾಳೆ ಸುತ್ತಿ, ಬೆಳಕು ಕಾಲಬುಡಕ್ಕೇ ಇರಲಿ. ಫ್ಲ್ಯಾಶ್ ಬೇಡ. ಈ ಬಾವಲಿಗಳು ಒಂದಕ್ಕೊಂದು ಅಂಟಿಕೊಳ್ಳದೆ ಗೇಣುದ್ದ ಜಾಗ ಬಿಟ್ಟು ನೇತಾಡುತ್ತವೆ. ಅವು ಕಿವಿ ಆಡಿಸಿ, ಮೈ ಕುಲುಕಿಸಿ ತಿರುಗತೊಡಗಿದರೆ ಎಚ್ಚರವಾಗಿವೆ ಎಂದರ್ಥ, ಅಲ್ಲಿಂದಲೇ ಹಿಂತಿರುಗಿ. ಮುಸ್ಸಂಜೆ ಗವಿಯ ಬಾಯಲ್ಲಿ ನಿಲ್ಲಬೇಡಿ, ಅದು ಅವು ಹೊರಡುವ ದಾರಿ. ಒಣ ಹಿಕ್ಕೆಯನ್ನು ಕೆದಕಬೇಡಿ. ಅದರ ಧೂಳಿನಲ್ಲಿರಬಹುದಾದ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯುತ್ತದೆ, ಮಾಸ್ಕ್ ಇರಲಿ.

ಶಿವರಾತ್ರಿಗೆ ದಾಂಡೇಲಿ ಬಳಿಯ ಕವಳಾ ಗುಹೆಗೆ ತೆವಳಿಕೊಂಡು ಹೋಗುವ ಭಕ್ತರ ಮೇಲೆ ನನಗೆ ಸಿಟ್ಟಿಲ್ಲ. ಕರ್ಪೂರ, ಊದುಬತ್ತಿ ಮಾತ್ರ ಹೊರಗೇ ಹಚ್ಚಿ. ಗಾಳಿಯಾಡದ ಗವಿಯಲ್ಲಿ ಹೊಗೆ ಮೇಲೇರಿ ಚಾವಣಿಯಲ್ಲೇ ನಿಲ್ಲುತ್ತದೆ, ಬಾವಲಿ ಇರುವುದೂ ಅಲ್ಲೇ.

ಗವಿಗೆ ಗೇಟು ಹಾಕಿಸೋಣ ಎನ್ನುವವರಿಗೂ ಒಂದು ಮಾತು. ಜಾಲರಿ ಹೊಡೆದರೆ ಜನರ ಜೊತೆ ಬಾವಲಿಯೂ ನಿಲ್ಲುತ್ತದೆ, ಒಳಗಿದ್ದದ್ದು ಅಲ್ಲೇ ಸಾಯುತ್ತದೆ. ಹಾಕುವುದೇ ಆದರೆ ಅಡ್ಡ ಸರಳುಗಳು, ನಡುವೆ ಆರು ಇಂಚಿನಷ್ಟು ಸಂದು, ನೆಟ್ಟಗೆ ನಿಲ್ಲುವ ಕಂಬಗಳು ಆದಷ್ಟು ಕಡಿಮೆ. ಅದಕ್ಕೂ ಒಗ್ಗದ ಜಾತಿಗಳಿವೆ. ಆದ್ದರಿಂದ ಮೊದಲು ತಾತ್ಕಾಲಿಕವಾಗಿ ಕಟ್ಟಿ, ಸಂಜೆ ಹೊರಬೀಳುವ ಸಂಖ್ಯೆ ಇಳಿಯುತ್ತದೆಯೇ ನೋಡಿ.

ಇಷ್ಟೆಲ್ಲ ಯಾಕೆ ಅಂದರೆ, ಇದೇ ಕುಟುಂಬದ ಕೋಲಾರದ ಎಲೆಮೂಗಿನ ಬಾವಲಿಗೆ ವಿಜ್ಞಾನದಲ್ಲಿ ಹೆಸರು ಬಂದದ್ದು 1994ರಲ್ಲಿ. ಈಗ ಅದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಗವಿಗೆ ಇಳಿದು, ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅಲ್ಲಿ ಕಂಟಕವಾದದ್ದು ಕಲ್ಲುಗಣಿ. ನಮ್ಮಲ್ಲಿ ಗಣಿಯೂ ಬೇಡ, ಮೊಬೈಲೇ ಸಾಕಾಗುತ್ತದೆ. ವಿಡಿಯೊ ಹಾಕಿದವರು ಅಳಿಸದಿದ್ದರೆ ಹೋಗಲಿ, ಗವಿಯ ಹೆಸರು ಮತ್ತು ದಾರಿಯ ನಕ್ಷೆಯನ್ನಾದರೂ ಇವತ್ತೇ ತೆಗೆಯಿರಿ.