ಬರೆದಿಡುವವರು ಇರಲಿಲ್ಲ, ಅಷ್ಟೇ

ಹಳೆಯ ದಾಖಲೆಗಳಲ್ಲಿ ಬಿರುಗಾಳಿ, ಪ್ರವಾಹ ಕಮ್ಮಿ ಇವೆ, ಹಾಗಾಗಿ ಸಣ್ಣ ಊರುಗಳು ಆಗ ನೆಮ್ಮದಿಯಾಗಿದ್ದವು ಅಂತ ಲೇಖನದಲ್ಲಿ ಬರೆದಿದ್ದೀರಿ. ಉಳಿದದ್ದು ಬಹುಪಾಲು ಸರಿ, ಈ ಮಾತು ಒಪ್ಪಲಾಗಲಿಲ್ಲ. ಗಾಳಿ ಬೀಸಿರುತ್ತದೆ, ನೋಡಿ ಬರೆದಿಡುವವರು ಇರಲಿಲ್ಲ, ಅಲ್ವಾ? ಅಮೆರಿಕದ ಅಧಿಕೃತ ಸುಂಟರಗಾಳಿ ಪಟ್ಟಿ ಶುರುವಾಗುವುದೇ 1950ರಿಂದ. ಅದಕ್ಕೂ ಹಿಂದಿನದು ಬೇಕಾದರೆ ಹಳೆಯ ಪತ್ರಿಕೆಗಳನ್ನೇ ಕೆದಕಬೇಕು.

ಹಾಗೆ ಕೆದಕಿದರೆ ಕಾನ್ಸಾಸ್‌ನ ಕೊಡೆಲ್ ಎಂಬ ಪುಟ್ಟ ಊರು ಸಿಗುತ್ತದೆ. 1916, 1917, 1918, ಮೂರು ವರ್ಷವೂ ಅಲ್ಲಿಗೆ ಸುಂಟರಗಾಳಿ ಬಂದದ್ದು ಮೇ 20ರಂದೇ! ಬರೀ ಕಾಕತಾಳೀಯ, ನಿಜ. ಆದರೆ ನಾಲ್ಕನೇ ವರ್ಷ ಆ ದಿನ ಬೆಳಿಗ್ಗೆ ಎದ್ದವರಿಗೆ ಇದನ್ನು ಹೇಳಿ ನೋಡಿ.

ಜಪಾನಿನ ಅನೆಯೋಶಿ ಹಳ್ಳಿಯ ಕಥೆ ಬೇರೆ. 1896 ಮತ್ತು 1933ರ ಸುನಾಮಿಗಳಲ್ಲಿ ಊರು ಎರಡು ಸಲ ಕೊಚ್ಚಿಹೋಯಿತು. ಉಳಿದವರು ಮೇಲಕ್ಕೆ ಹೋಗಿ ಒಂದು ಕಲ್ಲು ನೆಟ್ಟರು. ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎಂದು ಅದರ ಮೇಲೆ ಕೆತ್ತಿದ್ದಾರೆ. 2011ರಲ್ಲಿ ನೀರು ಕಲ್ಲಿಗೆ ಸುಮಾರು 100 ಮೀಟರ್ ಇರುವಾಗಲೇ ನಿಂತಿತು. ಮೇಲಿನ ಮನೆಗಳು ಉಳಿದವು.

ಇನ್ನೊಂದು ವಿಷಯ. 'ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ' ಅಂದರೆ ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇ. 1. ನಿಮ್ಮ ಲೇಖನದಲ್ಲಿರುವಂತೆ, ಹೋದ ವರ್ಷ ಬಂತು, ಇನ್ನು 99 ವರ್ಷ ಸುಮ್ನೆ ಇರಬಹುದು ಎಂದಲ್ಲ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26. ಆ ಸಾಲನ್ನೂ ದಯವಿಟ್ಟು ತಿದ್ದಿ.