ಮಾಡಿನ ಮೇಲೆ ಕಳೆದ ದಶಕ

ಎಂಬತ್ತರ ದಶಕದ ಮಾತು ಬಂದರೆ ಸಾಕು, ನನ್ನ ಓರಗೆಯವರೆಲ್ಲ ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಎತ್ತಿದ್ದನ್ನೂ, ಭಾನುವಾರದ ಬೆಳಿಗ್ಗೆ ಪೇಟೆಯ ಬೀದಿಗಳು ಬಿಕೋ ಎನ್ನುತ್ತಿದ್ದುದನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸತೊಡಗುತ್ತಾರೆ. ನನಗೆ ಆ ಭಾಗ್ಯವಿಲ್ಲ. ದೇಶವೆಲ್ಲ ಒಟ್ಟಿಗೆ ಕುಳಿತು ನೋಡಿದ ಆ ದೃಶ್ಯಗಳು ಮೂಡುತ್ತಿದ್ದ ಹೊತ್ತಿನಲ್ಲಿ ನಾನು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹೆಂಚಿನ ಮಾಡಿನ ಮೇಲೆ, ಒಂದು ಕೈಯಲ್ಲಿ ಆಂಟೆನಾದ ಕಂಬವನ್ನೂ ಇನ್ನೊಂದು ಕೈಯಲ್ಲಿ ಜೀವವನ್ನೂ ಹಿಡಿದುಕೊಂಡು ನಿಂತಿದ್ದೆ.

ನನ್ನ ಗ್ರಹಚಾರ ಮಾಡು ಹತ್ತುವುದಕ್ಕೂ ಮೊದಲೇ, ರೇಡಿಯೋ ಕಾಲದಲ್ಲಿಯೇ ಶುರುವಾಗಿತ್ತು. 1983ರ ಜೂನ್ 25ರ ಶನಿವಾರ ಮಳೆ ಹಿಡಿದು, ಎಲ್ಲಿಯೋ ಮರ ಬಿದ್ದು ಕರೆಂಟು ಹೋಗಿತ್ತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿಸಿಕೊಂಡು, ಊರುಕೇರಿಗಳನ್ನು ಮುಳುಗಿಸಿಕೊಂಡು ನಾಡಿಗೆ ಬೆಳಕು ಕೊಟ್ಟ ಸೀಮೆ ನಮ್ಮದು. ಮಳೆಗಾಲದಲ್ಲಿ ನಮಗೆ ಮಾತ್ರ ಸೀಮೆಎಣ್ಣೆಯ ಬುಡ್ಡಿಯೇ ಗತಿ. ರೇಡಿಯೋದ ಸೆಲ್ಲುಗಳು ಬೇರೆ ಕೊನೆಯುಸಿರು ಎಳೆಯುತ್ತಿದ್ದವು. ಅವುಗಳನ್ನು ಒಲೆಯ ದಂಡೆಯ ಮೇಲೆ ಬೆಚ್ಚಗಿಟ್ಟರೆ ಇನ್ನೂ ಸ್ವಲ್ಪ ಹೊತ್ತು ಮಾತನಾಡುತ್ತವೆ ಎಂಬ ಮನೆಮದ್ದನ್ನು ನಂಬಿ ಇಡೀ ಮಧ್ಯಾಹ್ನ ನಾನು ಅವುಗಳನ್ನು ಹೋಳಿಗೆಯಂತೆ ಮಗುಚಿ ಹಾಕುತ್ತ ಕುಳಿತಿದ್ದೆ. ಭಾರತ 183ಕ್ಕೆ ಆಲೌಟ್ ಆಯಿತೆಂಬ ಸುದ್ದಿ ಕೊರಕೊರ ಸದ್ದಿನ ನಡುವೆ ಕೇಳಿದ್ದೇ ತಡ, ದೊಡ್ಡಪ್ಪ, "ಇನ್ನು ಕೇಳಿ ಏನು ಮಾಡೋದು, ನಾಳೆ ಭದ್ರಾವತಿ ಆಕಾಶವಾಣಿಯ ಕೃಷಿರಂಗಕ್ಕಾದರೂ ಸೆಲ್ ಉಳಿಯಲಿ" ಎಂದು ರೇಡಿಯೋದ ಕಿವಿ ಹಿಂಡಿಬಿಟ್ಟರು. ವೆಸ್ಟ್ ಇಂಡೀಸ್ 140ಕ್ಕೆ ಕುಸಿದು, ನಾವು 43 ರನ್ನುಗಳಿಂದ ಜಗತ್ತನ್ನೇ ಗೆದ್ದಾಗ ನಾನು ಕಂಬಳಿ ಹೊದ್ದು ಸೋಲಿನ ದುಃಖದಲ್ಲಿ ಮಲಗಿದ್ದೆ. ಮರುದಿನ ಬಸ್ಸಿನವರು ಎಸೆದು ಹೋದ ಪತ್ರಿಕೆ ಮಳೆಯಲ್ಲಿ ನೆನೆದು ಮುದ್ದೆಯಾಗಿತ್ತು. ಅದನ್ನೂ ಅದೇ ಒಲೆಯ ದಂಡೆಯ ಮೇಲೆ ಒಣಗಿಸಿದ ಮೇಲೆಯೇ ನಾವು ಗೆದ್ದಿರುವುದು ತಿಳಿದದ್ದು.

ಅದಕ್ಕೂ ಒಂದು ವಾರ ಮೊದಲು, ಜಿಂಬಾಬ್ವೆಯ ವಿರುದ್ಧ 9 ರನ್ನಿಗೆ ನಾಲ್ಕು ವಿಕೆಟ್ ಹೋಗಿದ್ದಾಗ ಕಪಿಲ್ ಬಂದು ಅಜೇಯ 175 ಹೊಡೆದ ಆಟದ ವಿಚಾರದಲ್ಲಿ ಮಾತ್ರ ನನಗೆ ಯಾವ ಕೀಳರಿಮೆಯೂ ಇಲ್ಲ. ಅಂದು ಬಿಬಿಸಿಯವರು ಆ ಆಟದ ಚಿತ್ರೀಕರಣವನ್ನೇ ಮಾಡಲಿಲ್ಲವಂತೆ. ಹೀಗಾಗಿ ಅದೊಂದು ಸಂಗತಿಯಲ್ಲಿ ಬೆಂಗಳೂರು, ಬೊಂಬಾಯಿಯವರೂ ನಾನೂ ಸರಿಸಮಾನರು.

ನಮ್ಮ ಮನೆಗೆ ಟೀವಿ ಬಂದದ್ದು 1986ರಲ್ಲಿ, ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ಮೇಲೆ. ದೇಶದ ಉದ್ದಗಲಕ್ಕೂ ದೂರದರ್ಶನದ ಸಣ್ಣ ಸಣ್ಣ ಮರುಪ್ರಸಾರ ಕೇಂದ್ರಗಳು ತಲೆಯೆತ್ತುತ್ತಿದ್ದ ಕಾಲ ಅದು. ಅವುಗಳ ಅಲೆ ನೇರವಾಗಿ ಸಾಗುತ್ತದೆಯೇ ಹೊರತು ಗುಡ್ಡ ಹತ್ತಿ ಇಳಿದು ಬರುವುದಿಲ್ಲ. ನಮ್ಮಲ್ಲಿಯೋ ಗುಡ್ಡ ಬಿಟ್ಟರೆ ಬೇರೇನೂ ಇಲ್ಲ. ಮೀನಿನ ಮುಳ್ಳಿನಂತಿದ್ದ ಆಂಟೆನಾವನ್ನು ಉದ್ದನೆಯ ಬಿದಿರಿಗೆ ಕಟ್ಟಿ, ಬುಡಕ್ಕೆ ಬೂಸ್ಟರ್ ಸಿಕ್ಕಿಸಿ ಮಾಡಿನ ತುದಿಯಲ್ಲಿ ನಿಲ್ಲಿಸಿದೆವು. ಪ್ರಸಾರ ಯಾವ ದಿಕ್ಕಿನಿಂದ ಬರುತ್ತದೆ ಎಂಬ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಾದವು. ದೊಡ್ಡಪ್ಪನದು ಶಿವಮೊಗ್ಗ ಪಕ್ಷವಾದರೆ, ಚಿಕ್ಕಪ್ಪನದು ಘಟ್ಟದ ಕೆಳಗಿನ ಪಕ್ಷ. ಹಗುರವಾಗಿದ್ದವನು ನಾನೊಬ್ಬನೇ ಆದ್ದರಿಂದ ಎರಡೂ ಪಕ್ಷದವರು ಒಮ್ಮತದಿಂದ ನನ್ನನ್ನು ಮೇಲೆ ಹತ್ತಿಸಿದರು.

ಈ ವ್ಯವಸ್ಥೆಯಲ್ಲಿ ಒಂದು ಮೂಲಭೂತ ದೋಷವಿತ್ತು. ಟೀವಿಯ ಮುಂದೆ ಕುಳಿತ ದೊಡ್ಡಪ್ಪ "ಬಂತು" ಎಂದರೆ, ಅದನ್ನು ಕಿಟಕಿಯ ಬಳಿಯಿದ್ದ ಅಕ್ಕ ಅಂಗಳಕ್ಕೆ ದಾಟಿಸಬೇಕು, ಅಂಗಳದಲ್ಲಿದ್ದ ಚಿಕ್ಕಪ್ಪ ಮಳೆಯ ಸದ್ದನ್ನು ಮೀರಿ ಮಾಡಿಗೆ ಕೂಗಬೇಕು. ಆ ಮಾತು ನನಗೆ ತಲುಪುವಷ್ಟರಲ್ಲಿ ನಾನು ಬಿದಿರನ್ನು ಇನ್ನೂ ಒಂದು ಗೇಣು ತಿರುಗಿಸಿಯಾಗಿರುತ್ತಿತ್ತು. ಒಳಗಿನಿಂದ "ಹೋಯ್ತು" ಎಂಬ ಚೀತ್ಕಾರ ಹೊರಟಿರುತ್ತಿತ್ತು. ಗಾಬರಿಯಿಂದ ಹಿಂದಕ್ಕೆ ತಿರುಗಿಸಿದರೆ, ಆಗ ಬರುತ್ತಿದ್ದದ್ದು ಹಿಂದಿನ "ಬಂತು". ಸಾಲದ್ದಕ್ಕೆ ವಾರಕ್ಕೊಮ್ಮೆ ಮಂಗಗಳು ಬಂದು ಆಂಟೆನಾಕ್ಕೆ ಜೋತುಬಿದ್ದು ತಮಗೆ ತೋಚಿದ ದಿಕ್ಕಿಗೆ ತಿರುಗಿಸಿ ಹೋಗುತ್ತಿದ್ದವು. ಅವು ತಿರುಗಿಸಿದ ದಿನವೇ ಚಿತ್ರ ನಿಚ್ಚಳವಾಗಿ ಬರುತ್ತಿತ್ತು ಎಂದು ಅಕ್ಕ ಇಂದಿಗೂ ಹೇಳುತ್ತಾಳೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರನ್ನು ಪ್ರಧಾನಿ ಇಂದಿರಾ ಗಾಂಧಿಯವರು, ಮೇಲಿನಿಂದ ಭಾರತ ಹೇಗೆ ಕಾಣುತ್ತಿದೆ ಎಂದು ಅಕ್ಕರೆಯಿಂದ ವಿಚಾರಿಸಿದ್ದರು. ಅಷ್ಟು ದಿನ ಮೇಲಿದ್ದ ನನ್ನನ್ನು ಒಬ್ಬರೂ ಹಾಗೆ ವಿಚಾರಿಸಲಿಲ್ಲ. ವಿಚಾರಿಸಿದ್ದರೆ, ಪಾಚಿ ಕಟ್ಟಿದ ಹೆಂಚು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ ಎಂದು ಸತ್ಯವನ್ನೇ ಹೇಳುತ್ತಿದ್ದೆ.

1987ರ ಜನವರಿ 25ರಂದು ರಾಮಾಯಣ ಧಾರಾವಾಹಿ ಆರಂಭವಾದ ಮೇಲೆ ನನ್ನ ಭಾನುವಾರಗಳು ಪೂರ್ತಿಯಾಗಿ ಮಾಡಿನ ಪಾಲಾದವು. ಒಂಬತ್ತೂವರೆಗೆ ಮೊದಲೇ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಜ್ಜಿಗೆ ಹಿಂದಿಯ ಒಂದಕ್ಷರವೂ ಬಾರದಿದ್ದರೂ ಕಥೆ ಅವರಿಗೆ ಬಾಯಿಪಾಠವಾಗಿದ್ದರಿಂದ, ಧಾರಾವಾಹಿಯವರು ಎಲ್ಲೆಲ್ಲಿ ತಪ್ಪುತ್ತಿದ್ದಾರೆ ಎಂದು ಪ್ರತಿವಾರ ಪಟ್ಟಿ ಮಾಡುತ್ತಿದ್ದರು. ಯಕ್ಷಗಾನ ಮೇಳದ ಆಟಗಳನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದ್ದ ಅವರ ಮುಖ್ಯ ಆಕ್ಷೇಪಣೆ, "ಇದೆಂಥ ರಾವಣ, ಒಂದು ಸುತ್ತೂ ಕುಣಿಯೋದಿಲ್ವಲ್ಲ" ಎಂಬುದಾಗಿತ್ತು. ಅದೇನೇ ಇದ್ದರೂ, ರಾಮ ಕಾಣಿಸಿಕೊಂಡ ಕೂಡಲೇ ಆರತಿ ಎತ್ತುವುದನ್ನು, ಟೀವಿಯ ನೆತ್ತಿಗೆ ತುಳಸಿಮಾಲೆ ಏರಿಸುವುದನ್ನು ಅವರು ತಪ್ಪಿಸುತ್ತಿರಲಿಲ್ಲ.

ಹನುಮಂತ ಸಮುದ್ರ ಲಂಘಿಸುವ ಭಾನುವಾರ ಚಿತ್ರ ಇದ್ದಕ್ಕಿದ್ದಂತೆ ಅಳಿಸಿಹೋಯಿತು. ಕೆಳಗಿನಿಂದ ಎರಡೂ ಪಕ್ಷಗಳ ಆದೇಶಗಳು ಒಟ್ಟಿಗೆ ಬರತೊಡಗಿದವು. ಪೂರ್ವಕ್ಕೆ ತಿರುಗಿಸಿದೆ, ಪಶ್ಚಿಮಕ್ಕೆ ತಿರುಗಿಸಿದೆ, ಕೊನೆಗೆ ಬಿದಿರನ್ನೇ ಕಿತ್ತು ಧ್ವಜದಂತೆ ಎತ್ತಿ ಹಿಡಿದೆ. ಅಷ್ಟರಲ್ಲಿ ಕಾಲಡಿಯ ಹೆಂಚು ಪಟ್ಟೆಂದು ಒಡೆದು, ಲಡ್ಡು ಹಿಡಿದಿದ್ದ ರೀಪು ಮುರಿದು, ನನ್ನ ಬಲಗಾಲು ತೊಡೆಯವರೆಗೆ ಜಗಲಿಯ ಮಧ್ಯದಲ್ಲಿ ಇಳಿಬಿದ್ದಿತು. ಲಂಕೆಗೆ ಹೊರಟವನು ಆಕಾಶದಲ್ಲಿಯೇ ಉಳಿದು, ನಾನು ಇಳಿದಿದ್ದೆ. ನೆರೆದವರೆಲ್ಲ ಹೌಹಾರಿ ಎದ್ದರೂ ಅಜ್ಜಿ ಮಾತ್ರ ಕತ್ತೆತ್ತಿ ನೋಡಿ, "ಎಷ್ಟು ಹೆಂಚು ಹೋಯ್ತೋ?" ಎಂದು ಕೇಳಿದರು. ಆಮೇಲೆ ಶಿವಮೊಗ್ಗದಿಂದ ಬಂದ ರಿಪೇರಿಯವನು ಟೀವಿಯ ಬೆನ್ನು ಬಿಚ್ಚಿ, ಒಳಗಿನಿಂದ ಒಂದು ಹಿಡಿ ತುಳಸಿ ಎಲೆಯನ್ನೂ, ಮಾಲೆಯ ನೀರು ಸೋರಿ ಕಿಲುಬು ಹಿಡಿದ ಕೆಲವು ತಂತಿಗಳನ್ನೂ ತೆಗೆದು ತೋರಿಸಿದ. ಆಂಟೆನಾ ಮೊದಲಿದ್ದ ದಿಕ್ಕೇ ಸರಿಯಾಗಿತ್ತಂತೆ. ಇದಕ್ಕಾಗಿ ಯಾರೂ ನನ್ನ ಕ್ಷಮೆ ಕೇಳಿದ್ದು ನೆನಪಿಲ್ಲ.

ಆದರೆ ಮನಸ್ಸಿನಲ್ಲಿ ಕೊರೆಯುತ್ತ ಉಳಿದದ್ದು ಮಾಲ್ಗುಡಿ ಡೇಸ್. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ನಮ್ಮ ಪಕ್ಕದ ಆಗುಂಬೆಯಲ್ಲಿಯೇ ಚಿತ್ರೀಕರಿಸಿದ್ದರು. ಚಿಕ್ಕಪ್ಪ ಅಡಿಕೆಗೆ ಔಷಧಿ ಹೊಡೆಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ನೋಡಲು ಹೋಗಿ, ಒಂದು ಗುಂಪಿನ ದೃಶ್ಯದಲ್ಲಿ ಬೆನ್ನು ತಿರುಗಿಸಿ ನಿಂತು ಬಂದಿದ್ದರು. ಆ ಬೆನ್ನು ಪ್ರಸಾರವಾಗುವ ರಾತ್ರಿ ಊರೇ ನಮ್ಮ ಜಗಲಿಯಲ್ಲಿತ್ತು, ನಾನು ಮಾಡಿನಲ್ಲಿದ್ದೆ. ಕೆಳಗೆ ಎದ್ದ ಕೇಕೆ ಚಪ್ಪಾಳೆಗಳನ್ನು ಕೇಳಿ ಆತುರಾತುರವಾಗಿ ಏಣಿ ಇಳಿದು ಬರುವಷ್ಟರಲ್ಲಿ ಪರದೆಯ ಮೇಲೆ ಬೇರಾರದೋ ಮುಖವಿತ್ತು.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ, ಮಗಳ ಮೊಬೈಲಿನಲ್ಲಿ ಆ ಕಂತನ್ನು ಹುಡುಕಿಸಿದೆ. ಮನೆಯೊಳಗೆ ನೆಟ್‌ವರ್ಕ್ ಸಿಗದ ಕಾರಣ, ಈಗ ಎಂಬತ್ತು ದಾಟಿರುವ ಚಿಕ್ಕಪ್ಪನನ್ನು ಕೈಹಿಡಿದು ನಡೆಸಿಕೊಂಡು ಹಿತ್ತಿಲ ದಿಬ್ಬ ಹತ್ತಿ, ಕೊಡೆಯ ಕೆಳಗೆ ಮೂವರೂ ತಲೆ ಒಟ್ಟು ಮಾಡಿ ನಿಂತೆವು. ಗುಂಪಿನ ದೃಶ್ಯ ಬಂದಾಗ ಮಗಳು ಚಿತ್ರವನ್ನು ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿದಳು. ಸುಮಾರು ನಾಲ್ಕು ದಶಕಗಳ ತರುವಾಯ ನಾನು ಆ ಬೆನ್ನನ್ನು ಕಣ್ತುಂಬ ನೋಡಿದೆ. ಚಿಕ್ಕಪ್ಪ ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ಪರೀಕ್ಷಿಸಿ, "ಇದು ನಾನಲ್ಲ ಮಾರಾಯ. ಈ ಮನುಷ್ಯ ಅಡ್ಡ ನಿಂತಿದ್ದಕ್ಕೇ ನಾನು ಕಾಣಲಿಲ್ಲ" ಎಂದರು.